ಖಾಲಿ ಬಿದ್ದ ನಂಬರು

ಖಾಲಿ ಜಾಗ ಕಂಡರೆ ನನಗೆ ಸುಮ್ಮನಿರಲು ಬರುವುದಿಲ್ಲ. ಇದು ಒಳ್ಳೆಯ ಗುಣವೆಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ನನ್ನ ಹೆಂಡತಿ ಗಿರಿಜಾ ಮಾತ್ರ ಇದನ್ನು ಚಟ ಎನ್ನುತ್ತಾಳೆ. ಬಸ್ಸಿನ ಸೀಟಿನಲ್ಲಿ ಇಬ್ಬರ ನಡುವೆ ನಾಲ್ಕು ಬೆರಳು ಜಾಗ ಕಂಡರೂ ಸಾಕು, ನಾನು ಕೂರುವವನಲ್ಲದಿದ್ದರೂ "ಸ್ವಲ್ಪ ಸರೀರಿ" ಎಂದು ಅವರನ್ನು ಸರಿಸಿ, ನಿಂತಿರುವ ಮೂರನೆಯವರನ್ನು ಕೂಡಿಸಿ, ಮೂವರಿಂದಲೂ ಬೈಸಿಕೊಳ್ಳುತ್ತೇನೆ. ಒಮ್ಮೆ ಮುದಗಲ್ಲಿನ ಒಂದು ಮದುವೆಯಲ್ಲಿ ಊಟದ ಪಂಕ್ತಿಯ ನಡುವೆ ಒಂದು ಎಲೆ ಖಾಲಿ ಉಳಿದಿತ್ತು. ಅದು ಕಣ್ಣಿಗೆ ಚುಚ್ಚಿ ಚುಚ್ಚಿ ತಡೆಯಲಾರದೆ, ಆಚೆ ಕೂತವರನ್ನೆಲ್ಲ ಎಬ್ಬಿಸಿ ಒಂದೊಂದು ಎಲೆ ಈಚೆಗೆ ಸರಿಸಿ ಕೂಡಿಸಿದೆ. ಊಟ ಅರ್ಧ ಆಗಿತ್ತು ಎನ್ನುವುದು ನನ್ನ ಗಮನಕ್ಕೆ ಬಂದಿರಲಿಲ್ಲ. ಬೀಗರ ಕಡೆಯ ಹಿರಿಯರೊಬ್ಬರು ಬೇರೆ ಯಾರೋ ಕಚ್ಚಿಟ್ಟ ಹೋಳಿಗೆಯ ಮುಂದೆ ಕೂತು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಆಮೇಲೆ ಆ ಮನೆಯಿಂದ ನಮಗೆ ಯಾವ ಲಗ್ನಪತ್ರಿಕೆಯೂ ಬರಲಿಲ್ಲ.

ಆಗ ನಾವು ಮಸ್ಕಿಯಲ್ಲಿದ್ದೆವು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಗಿರಿಜಾ ಅಲ್ಲಿಯೇ ಸಾಲಿ ಟೀಚರು, ನಾನು ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವನು. ಮಗಳು ಹುಟ್ಟಿದಾಗ ಅವಳನ್ನು ನೋಡಿಕೊಳ್ಳಲು ಮುಕ್ಕುಂದದಿಂದ ಬಂದ ನನ್ನ ಅತ್ತೆ ನಮ್ಮಲ್ಲಿಯೇ ಉಳಿದಿದ್ದರು. ಮಾವ ಭತ್ತದ ಗದ್ದೆ ಬಿಟ್ಟು ಬರಲಾರರು. ಬಿಡುವಾದಾಗ ಟೆಂಪೊ ಹತ್ತಿ ಸಿಂಧನೂರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಮಸ್ಕಿಗೆ ಬರುವರು, ಹೆಂಡತಿಯ ಕೈರೊಟ್ಟಿ ಉಂಡು, ಮೊಮ್ಮಗಳನ್ನು ಆಡಿಸಿ, ಮರುದಿನ ಬೆಳಿಗ್ಗೆ ಹೊರಟುಬಿಡುವರು. ಮನೆಗೆ ಹೊಸದಾಗಿ ಫೋನು ಬಂದಿತ್ತು. ಆ ದಿನಗಳಲ್ಲಿ ಫೋನು ಇದ್ದದ್ದು ಮಾತಾಡುವುದಕ್ಕಲ್ಲ, ರಿಂಗ್ ಕೊಡುವುದಕ್ಕೆ. ಎತ್ತಿದರೆ ಬಿಲ್ಲು, ಎತ್ತದಿದ್ದರೆ ಪುಕ್ಕಟೆ. ಹಾಗಾಗಿ ಪ್ರತಿ ಮನೆಗೂ ಒಂದು ಗುಟ್ಟಿನ ಲೆಕ್ಕ ಇರುತ್ತಿತ್ತು. ನಮ್ಮ ಮನೆಯದು ಹೀಗೆ: ಒಂದು ರಿಂಗು ಹೊಡೆದು ನಿಂತರೆ ನಾನು ಕಾಲೇಜು ಮುಟ್ಟಿದೆ ಎಂದು. ಎರಡು ಹೊಡೆದರೆ ಹೊರಟೆ ಎಂದು. ಮೂರು ಹೊಡೆದರೆ ಮಾವ ಸಿಂಧನೂರು ಬಸ್‌ಸ್ಟ್ಯಾಂಡಿಗೆ ಬಂದಿದ್ದಾರೆ ಎಂದು. ನಾಲ್ಕಾದರೆ ಏನೋ ಅವಸರ, ಎತ್ತಿ ಮಾತಾಡಿ ಎಂದು. ಮೂರು ರಿಂಗು ಬಿದ್ದ ಕೂಡಲೇ ಅತ್ತೆ ಒಲೆಯ ಮೇಲೆ ರೊಟ್ಟಿಯ ಹಂಚು ಇಟ್ಟು ಜೋಳದ ಹಿಟ್ಟು ನಾದತೊಡಗುವರು. ಬಸ್ಸು ಮಸ್ಕಿಗೆ ಬರುವುದಕ್ಕೂ ರೊಟ್ಟಿ ಉಬ್ಬುವುದಕ್ಕೂ ಸರಿಹೋಗುತ್ತಿತ್ತು.

ಮಾವ ತೀರಿಹೋದರು. ಎದೆನೋವು ಎಂದರು, ಕೂತರು, ಅಷ್ಟೇ. ಅತ್ತೆ ಅತ್ತದ್ದು ಕಡಿಮೆ. ಆದರೆ ಆವತ್ತಿನಿಂದ ರೊಟ್ಟಿ ಬಡಿಯುವುದನ್ನು ಬಿಟ್ಟರು. ಹಂಚು ಅಟ್ಟಕ್ಕೆ ಹೋಯಿತು. ಗಿರಿಜಾ ಮಾಡಿದ ಅನ್ನ ಸಾರನ್ನೇ ಉಣ್ಣುವರು. ಮೊಮ್ಮಗಳೂ ಸಾಲಿಗೆ ಹೋಗುವಷ್ಟು ದೊಡ್ಡವಳಾಗಿದ್ದಳು. "ಇಲ್ಲಿ ನಂದೇನ್ ಕೆಲಸ ಐತಿ? ಸೋಮವಾರ ಮುಕ್ಕುಂದಕ್ಕ ಹೋಗ್ತೀನಿ" ಎಂದು ಕೈಚೀಲಕ್ಕೆ ಸೀರೆ ತುಂಬುವರು. ಗಿರಿಜಾ ಏನಾದರೊಂದು ನೆಪ ಹೇಳಿ ಆ ಸೋಮವಾರವನ್ನು ಮುಂದಿನ ಸೋಮವಾರಕ್ಕೆ ದಬ್ಬುವಳು. ಚೀಲ ಮಾತ್ರ ತುಂಬಿಯೇ ಇರುತ್ತಿತ್ತು. ಊರಿನಲ್ಲಿ ಅತ್ತೆಯ ಭಾವನ ಮಕ್ಕಳು ಇದ್ದರು ನಿಜ. ಆದರೆ ಅಲ್ಲಿ ಹೋಗಿ ಅವ್ವ ಗೋಡೆ ನೋಡುತ್ತ ಕೂತಾಳು ಎಂಬ ಭಯ ಗಿರಿಜಾಳಿಗೆ. ನೆಪಗಳ ಸಂಗ್ರಹ ಮುಗಿಯುತ್ತ ಬಂದಿದೆ ಎಂದು ಅವಳು ನನ್ನ ಹತ್ತಿರ ಕಣ್ಣೀರು ಹಾಕುತ್ತಿದ್ದಳು.

ಇತ್ತ ಕಾಲೇಜಿನಲ್ಲಿ ನನಗೊಬ್ಬ ಗೆಳೆಯ ಸಿಕ್ಕಿದ್ದ. ಹೆಸರು ಬಿಸ್ವಾಸ್. ಸಿಂಧನೂರಿನ ಹತ್ತಿರ ಬಂಗಾಳಿ ನಿರಾಶ್ರಿತರಿಗೆಂದು ಮಾಡಿದ ಆರ್.ಎಚ್. ಕ್ಯಾಂಪಿನ ಹುಡುಗ, ಫಿಸಿಕ್ಸ್ ಮೇಷ್ಟ್ರು. ಮನೆಯಲ್ಲಿ ಬಂಗಾಳಿ, ಹೊರಗೆ ನನಗಿಂತ ಅಚ್ಚುಕಟ್ಟಾದ ಸಿಂಧನೂರು ಕನ್ನಡ. ಯಾವುದೋ ಪತ್ರಿಕೆಯ ಜೊತೆ ಬಂದ ಸಿಡಿಯಿಂದ ನಾವಿಬ್ಬರೂ ಲ್ಯಾಬಿನ ಒಂದು ಮಶೀನಿಗೆ ಲಿನಕ್ಸ್ ಹಾಕಿದೆವು. ಅದರ ಸ್ವಾರಸ್ಯವೆಂದರೆ ಒಳಗಿನ ಹೂರಣವೆಲ್ಲ ಬಿಚ್ಚಿ ನೋಡಬಹುದಿತ್ತು, ಬೇಕಾದರೆ ತಿದ್ದಲೂಬಹುದಿತ್ತು. ತಿದ್ದಬಹುದು ಎಂದು ನನ್ನಂಥವನಿಗೆ ಯಾರೂ ಹೇಳಬಾರದು.

ಕಂಪ್ಯೂಟರು ಗೊತ್ತಿಲ್ಲದವರು ಹೆದರಬೇಡಿ, ವಿಷಯ ಬಹಳ ಸರಳ. ಮಶೀನಿನ ಒಳಗೆ ಕರ್ನಲ್ ಎಂಬ ಯಜಮಾನ ಇರುತ್ತಾನೆ. ಡಿಸ್ಕು, ಪರದೆ, ಕೀಲಿಮಣೆ ಎಲ್ಲವೂ ಅವನ ಸುಪರ್ದಿ. ಉಳಿದ ಪ್ರೋಗ್ರಾಮುಗಳು ಯಾವುದಕ್ಕೂ ನೇರ ಕೈ ಹಾಕುವಂತಿಲ್ಲ. ಮಡಿಯ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಬೇಕಾದ್ದನ್ನು ಕೇಳಿ ಇಸಿದುಕೊಂಡ ಹಾಗೆ ಕರ್ನಲನ್ನು ಕೇಳಬೇಕು. ಆ ಕೇಳಿಕೆಗೆ ಸಿಸ್ಟಂ ಕಾಲ್ ಎನ್ನುತ್ತಾರೆ. ಕೇಳುವುದು ಮಾತಿನಲ್ಲಲ್ಲ, ನಂಬರಿನಲ್ಲಿ. ಮೂರು ಎಂದರೆ ಓದಿಕೊಡು, ನಾಲ್ಕು ಎಂದರೆ ಬರೆ, ಐದು ಎಂದರೆ ಫೈಲು ತೆರೆ, ಆರು ಎಂದರೆ ಮುಚ್ಚು. ಯಾವ ನಂಬರಿಗೆ ಯಾವ ಕೆಲಸ ಎನ್ನುವುದು ಹೆಡರ್ ಫೈಲು ಎಂಬಲ್ಲಿ ಸಾಲಾಗಿ ಬರೆದಿರುತ್ತದೆ. ಆ ಸಾಲು ನೋಡಿದಾಗ ನನಗೆ ನಗು ಬಂತು. ದೇಶಾಂತರದ ದೊಡ್ಡ ದೊಡ್ಡ ತಲೆಗಳು ಕೂತು ಮಾಡಿದ್ದು ಇಷ್ಟೇ ತಾನೆ, ನಮ್ಮ ಮನೆಯ ರಿಂಗಿನ ಲೆಕ್ಕ.

ಹುಡುಗರಿಗೆ ತೋರಿಸಲೆಂದು ನಮ್ಮದೇ ಒಂದು ಹೊಸ ಕಾಲ್ ಸೇರಿಸೋಣ, ಕರೆದರೆ ಪರದೆಯ ಮೇಲೆ 'ಶರಣ್ರಿ' ಎಂದು ಬರಲಿ ಎಂದು ನಾವು ಮಾತಾಡಿಕೊಂಡೆವು. ಸೇರಿಸಬೇಕಾದದ್ದು ಸಾಲಿನ ಕೊನೆಗೆ. ನಾನು ಕೊನೆಗೆ ಹೋಗುವ ದಾರಿಯಲ್ಲಿ ಹದಿನೇಳನೆಯ ನಂಬರು ಕಣ್ಣಿಗೆ ಬಿತ್ತು. ಅದಕ್ಕೆ ಒಂದು ಹೆಸರಿತ್ತು, ಆ ಹೆಸರಿನ ಹಿಂದೆ ಕೆಲಸ ಏನೂ ಇರಲಿಲ್ಲ. ಯಾವುದೋ ಕಾಲದ ಕಾಲ್ ಅದು, ಸತ್ತುಹೋಗಿದೆ, ಜಾಗ ಮಾತ್ರ ಹಾಗೇ ಬಿಟ್ಟಿದ್ದಾರೆ. ಇನ್ನಷ್ಟು ಕೆಳಗೆ ಹೋದರೆ ಅಂಥವೇ ಮತ್ತೆ ಕೆಲವು. ನನ್ನ ಕೈ ತುರಿಸತೊಡಗಿತು. ಬಿಸ್ವಾಸನಿಗೆ ಆವತ್ತು ಸಾಲಾಗಿ ಕ್ಲಾಸುಗಳಿದ್ದವು. ನಾನು ಹದಿನೇಳನ್ನು ತೆಗೆದು ಕೆಳಗಿನವರನ್ನೆಲ್ಲ ಒಂದೊಂದು ನಂಬರು ಮೇಲಕ್ಕೆ ಸರಿಸಿದೆ. ಕರ್ನಲಿನ ಒಳಗೂ ಅದೇ ಪ್ರಕಾರ ಬದಲಿಸಿ, ಇಡೀ ಕರ್ನಲನ್ನು ಹೊಸದಾಗಿ ಕಟ್ಟಿಸಿ, ಹಳೆಯದರ ಮೇಲೆಯೇ ಕೂಡಿಸಿ, ಮಶೀನನ್ನು ಆರಿಸಿ ಹಚ್ಚಿದೆ.

ಕರ್ನಲ್ ಎದ್ದಿತು. ತನ್ನ ಹೆಸರು, ಕುಲಗೋತ್ರ ಎಲ್ಲ ಹೇಳಿಕೊಂಡಿತು. ಆಮೇಲೆ ಸುಮ್ಮನಾಯಿತು. ಅಷ್ಟರಲ್ಲಿ ಬಂದ ಬಿಸ್ವಾಸ್ ಪರದೆ ನೋಡಿ, ನನ್ನ ಮುಖ ನೋಡಿ, "ಏನ್ ಮಾಡೀದಿ ಬೇ?" ಎಂದ. ಹೇಳಿದೆ. ಅವನು ಕುರ್ಚಿ ಎಳೆದುಕೊಂಡು ಕೂತ.

"ನೀ ಹೆಡರ್ ತಿದ್ದೀದಿ. ಆದ್ರ ಇರೋ ಪ್ರೋಗ್ರಾಮ್‌ಗಳು ಹಳೇ ನಂಬರ್ ಕಲ್ತು ಹೋಗ್ಯಾವ. ಅವು ಹತ್ತೊಂಬತ್ತು ಅಂತಾವ, ಫೈಲಿನ್ಯಾಗ ಸ್ವಲ್ಪ ಮುಂದಕ್ಕ ಸರೀ ಅಂತ. ಈಗ ಹತ್ತೊಂಬತ್ತಕ್ಕ ನೀ ಕುಂದ್ರಿಸಿದ್ದು ಯಾರನ್ನ? ಇಪ್ಪತ್ತನೆಯವನ್ನ. ಅಂವ ನಿನ್ನ ಗುರುತಿನ ನಂಬರ್ ಇಷ್ಟು ಅಂತ ಹೇಳ್ತಾನ. ಸರೀ ಅಂದ್ರ ನಂಬರ್ ಹೇಳಿದ್ರ ಯಾರ ಬಾಳೇವು ನಡೀತೈತಿ?"

ಮುದಗಲ್ಲಿನ ಆ ಪಂಕ್ತಿಯೇ ನನಗೆ ಕಣ್ಣಮುಂದೆ ಬಂತು. ಪುಣ್ಯಕ್ಕೆ ಬಿಸ್ವಾಸ್ ಹಳೆಯ ಕರ್ನಲನ್ನು ಒಂದು ಫ್ಲಾಪಿಯಲ್ಲಿ ಇಟ್ಟಿದ್ದ, ನನ್ನ ಸ್ವಭಾವ ಗೊತ್ತಿದ್ದೇ ಇಟ್ಟಿದ್ದನಂತೆ. ಅದರಿಂದ ಮಶೀನು ಎಬ್ಬಿಸಿ, ನಾನು ಸರಿಸಿದವರನ್ನೆಲ್ಲ ಅವರವರ ಜಾಗಕ್ಕೆ ಕೂಡಿಸುವಷ್ಟರಲ್ಲಿ ಸಂಜೆಯಾಯಿತು. ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಬಜ್ಜಿ ತಿನ್ನುತ್ತ ಅವನು ನನಗೆ ಉಪದೇಶ ಮಾಡಿದ. "ಹೊಸಬರು ಬಂದ್ರ ಕಡೀಕ ಕುಂದ್ರಸು. ಸತ್ತವ್ರ ಜಾಗಾ ಹಂಗ ಬಿಡು. ಆ ನಂಬರ್ ನಂಬಿಕೊಂಡವ್ರು ಎಲ್ಲೆಲ್ಲಿ ಅದಾರೋ ನಿನಗೇನ್ ಗೊತ್ತು?" ಮಾತು ನನಗೆ ಪೂರ್ತಿ ಒಪ್ಪಿತವಾಯಿತು. ಮರುದಿನ ಇದನ್ನೇ ಹುಡುಗರಿಗೆ ಒಂದು ಇಡೀ ಪೀರಿಯಡ್ ಬೋಧಿಸಿದೆ. ಬೋಧಿಸಿ ಮನೆಗೆ ಬಂದು ನಾನು ಮಾಡಿದ ಕೆಲಸ ಕೇಳಿ.

ಕರ್ನಲ್ ಕಟ್ಟುವುದೆಂದರೆ ಆ ಮಶೀನಿನಲ್ಲಿ ಗಂಟೆಗಟ್ಟಲೆ ಕಾಯುವ ಬಾಬತ್ತು. ನಾನು ತಡವಾಗಿ ಬರುವುದು, ಗಿರಿಜಾ ಊಟಕ್ಕೆ ಕಾಯುವುದು, ನಾನು ಬಿಸ್ವಾಸನ ಜೊತೆ ಹೊರಗೆ ಉಂಡು ಬಂದಿರುವುದು, ಅವಳು ಮುಖ ಊದಿಸುವುದು, ಇದು ರೂಢಿಯಾಗಿತ್ತು. 'ತಡವಾಗುತ್ತದೆ, ಉಂಡೇ ಬರುತ್ತೇನೆ, ಕಾಯಬೇಡಿ' ಎನ್ನುವುದಕ್ಕೆ ಒಂದು ರಿಂಗು ಬೇಕಾಗಿತ್ತು. ಐದು ಮಾಡೋಣವೆಂದರೆ ನಾಲ್ಕು ದಾಟಿತೆಂದರೆ ಯಾರಾದರೂ ಎತ್ತಿಯೇಬಿಡುವರು. ಮೂರು ಖಾಲಿ ಇತ್ತು. ಅದು ಖಾಲಿ ಇರುವುದು ನನಗೆ ಎಷ್ಟೋ ದಿನದಿಂದ ಕಾಣುತ್ತಲೇ ಇತ್ತು. ಬೆಳಿಗ್ಗೆ ಸಾಲಿಗೆ ಓಡುತ್ತಿದ್ದ ಗಿರಿಜಾಳಿಗೆ ಹೇಳಿದೆ. ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ತಲೆ ಎತ್ತಿದಳು.

"ಮೂರಾ?" ಎಂದಳು. ಆಮೇಲೆ, "ಆಯ್ತು ಬಿಡ್ರಿ. ಅವ್ವಗ ಹೇಳಬೇಕಲ್ಲ" ಎಂದಳು. ಅವಳು ಹೇಳುತ್ತಾಳೆ ಎಂದು ನಾನು ತಿಳಿದೆ. ನಾನು ಹೇಳುತ್ತೇನೆ ಎಂದು ಅವಳು ತಿಳಿದಳು. ಇಬ್ಬರಿಗೂ ಹೇಳುವ ಧೈರ್ಯ ಇರಲಿಲ್ಲ ಎನ್ನುವುದು ನಿಜವಾದ ಕಾರಣ.

ಆವತ್ತು ಸಂಜೆ ಲಿಂಗಸುಗೂರಿನಿಂದ ಮೂರು ರಿಂಗು ಕೊಟ್ಟೆ. ಬಿಸ್ವಾಸನ ಜೊತೆ ಖಾನಾವಳಿಯಲ್ಲಿ ಹೊಟ್ಟೆ ಬಿರಿಯುವಂತೆ ಉಂಡೆ, ಬಸ್ಸು ಹಿಡಿದು ಮಸ್ಕಿಯಲ್ಲಿ ಇಳಿದೆ. ನಮ್ಮ ಓಣಿಗೆ ತಿರುಗುತ್ತಲೇ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಯಾರ ಮನೆಯಲ್ಲೋ ಎಂದುಕೊಂಡೆ. ಹತ್ತಿರ ಹೋದ ಹಾಗೆ ಸಪ್ಪಳ ನಮ್ಮ ಮನೆಯದೇ ಆಯಿತು. ನನ್ನ ಹೆಜ್ಜೆ ನಿಧಾನವಾಯಿತು.

ಗಿರಿಜಾ ಅಂಗಳದಲ್ಲಿ ನಿಂತಿದ್ದಳು. ಅತ್ತು ಮುಗಿಸಿದ್ದಳು. "ಮೂರು ಹೊಡೀತು, ಅವ್ವ ಮ್ಯಾಲೆದ್ದು ಅಟ್ಟದ ಮ್ಯಾಲಿನ ಹಂಚು ಇಳಿಸಿದ್ಲು" ಎಂದು ಪಿಸುಗುಟ್ಟಿದಳು. "ಏನಂತ ತಡೀಲ್ರಿ ನಾ? ಒಳಗ ಹೋಗ್ರಿ. ನಾಳೆ ಖರೇನ ಮುಕ್ಕುಂದಕ್ಕ ಹೋಗ್ತಾಳ ನೋಡ್ರಿ." ಒಂದು ಖಾಲಿ ನಂಬರು ತುಂಬಲು ಹೋಗಿ ಆ ಹೆಣ್ಣುಮಗಳಿಗೆ ಸತ್ತ ಗಂಡನನ್ನು ಬಸ್‌ಸ್ಟ್ಯಾಂಡಿಗೆ ತಂದಿಳಿಸಿದ್ದೆ.

ಒಳಗೆ ಅತ್ತೆ ಒಲೆಯ ಮುಂದೆ ಕೂತಿದ್ದರು. ಪುಂಡಿಪಲ್ಯ ಆಗಿತ್ತು, ಶೇಂಗಾ ಹಿಂಡಿ ಕುಟ್ಟಿಯಾಗಿತ್ತು. ತಲೆ ಎತ್ತದೆಯೇ, "ಕೈಕಾಲು ತೊಳ್ಕೊಂಡು ಬರ್ರಿ. ರೊಟ್ಟಿ ಆರ್ತಾವ" ಎಂದರು.

"ಅತ್ತಿ, ಆ ಮೂರು ರಿಂಗು ನಂದ್ರಿ. ಅದು ಏನಂದ್ರ..." ಎಂದು ನಾನು ತೊದಲಿದೆ.

"ನನಗ ಹುಚ್ಚು ಹಿಡಿದಿಲ್ರಿ. ಅವ್ರು ಸಿಂಧನೂರು ಬಸ್‌ಸ್ಟ್ಯಾಂಡಿನ್ಯಾಗ ಇಲ್ಲ ಅನ್ನೋದು ನನಗ ಗೊತ್ತೈತಿ. ಗಂಟಿ ಹೊಡೀತು, ಕೈ ಹಿಟ್ಟಿಗೆ ಹೋತು. ಹೋದ ಕೈ ಯಾಕ ತಡೀಲಿ ಅಂತ ಬಡದೆ." ಒಂದು ರೊಟ್ಟಿ ತಿರುವಿ ಹಾಕಿದರು. "ಮೂರು ಅಂದ್ರ ಅವ್ರು ಬಂದ್ರು ಅಂತ ನೀವು ತಿಳ್ಕೊಂಡಿದ್ರಿ. ನನಗ ಹಂಗಲ್ಲ. ಹಸದವ್ರೊಬ್ರು ದಾರ್ಯಾಗ ಅದಾರ, ಹಂಚು ಇಡು ಅಂತ ಅಷ್ಟ. ಯಾರರ ಇರಲಿ. ನೀವು ದಿನಾ ಎಷ್ಟೊತ್ತಿಗೋ ಬಂದು ಆರಿದ ಅನ್ನ ಮುಟ್ಟದ ಮಲಗ್ತಿದ್ರಿ. ಬಾಯಿ ಬಿಟ್ಟು ಕೇಳಾಕ ನಿಮಗ ನಾಚಿಗಿ. ಇವತ್ತರ ಕೇಳಿದ್ರಲ್ಲ."

ಈ ಮಾತಿನ ಮುಂದೆ ನಿಂತು, ಮೂರು ರಿಂಗಿನ ಅರ್ಥ ನನಗೆ ಊಟ ಬೇಡ ಎಂದು, ಎಂದು ಹೇಳುವ ಗಂಡಸು ನಮ್ಮ ಮೂರು ತಾಲೂಕಿನಲ್ಲಿ ಇದ್ದರೆ ಬರಲಿ. ನಾನು ತಟ್ಟೆಯ ಮುಂದೆ ಕೂತೆ. ಮಾವನಿಗೆ ಹಾಕುತ್ತಿದ್ದಷ್ಟೇ ರೊಟ್ಟಿಗಳನ್ನು, ಅದೇ ಬಿಸಿಯಲ್ಲಿ, ಅದೇ ಒತ್ತಾಯದಲ್ಲಿ ಅತ್ತೆ ಹಾಕಿದರು. ಖಾನಾವಳಿಯ ಅನ್ನದ ಮೇಲೆ ಜೋಳದ ರೊಟ್ಟಿ ಹೋಗಿ ಕೂತದ್ದು ಹೇಗೆ ಎನ್ನುವುದು ನನಗೂ ಗೊತ್ತಿಲ್ಲ. ಬಾಗಿಲಲ್ಲಿ ನಿಂತಿದ್ದ ಗಿರಿಜಾಳಿಗೆ ಎಲ್ಲ ಗೊತ್ತಿತ್ತು. ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ. ಸೋಮವಾರ ಬಂತು. ಅತ್ತೆ ಮುಕ್ಕುಂದದ ಮಾತೆತ್ತಲಿಲ್ಲ. ಚೀಲದೊಳಗಿನ ಸೀರೆಗಳು ಒಂದೊಂದಾಗಿ ಹೊರಗೆ ಬಂದು ಹಗ್ಗದ ಮೇಲೆ ಒಣಗತೊಡಗಿದವು.

ಬಿಸ್ವಾಸನಿಗೆ ಹೇಳಿದರೆ, "ಇದು ಸರಿ ಐತಿ ನೋಡು. ನಂಬರ್ ಅದೇ, ಕೆಲಸಾನೂ ಅದೇ. ತಿನ್ನಾಂವ ಅಷ್ಟ ಬದ್ಲಿ" ಎಂದು ತಲೆದೂಗಿದ. ಅದಾದ ಮೇಲೆ ತಡವಾದ ದಿನ ಮೂರು ರಿಂಗು ಕೊಟ್ಟು, ಅವನು ಮಿರ್ಚಿ ತಿನ್ನುವುದನ್ನು ಪಕ್ಕದಲ್ಲಿ ನಿಂತು ನೋಡಿ ಬಸ್ಸು ಹತ್ತಬೇಕು ಎಂದು ಗಟ್ಟಿ ಮನಸ್ಸು ಮಾಡಿದೆ. ನೋಡುತ್ತ ನಿಲ್ಲುವುದು ಬಹಳ ಕಷ್ಟದ ಕೆಲಸ. ಹಾಗಾಗಿ ಎರಡೂ ಕಡೆ ಉಣ್ಣುವುದೇ ನಡೆಯಿತು. ಟೇಲರು ನನ್ನ ಪ್ಯಾಂಟುಗಳ ಹೊಲಿಗೆ ಬಿಚ್ಚಿ, ಇನ್ನು ಬಿಚ್ಚಲು ಬಟ್ಟೆ ಇಲ್ಲ ಎಂದು ವಾಪಸು ಕೊಟ್ಟ. ನಾನು ಎರಡು ಊಟದಲ್ಲಿ ತತ್ತರಿಸುತ್ತಿದ್ದರೆ ಮಾವನನ್ನು ನೆನೆದು ಬೆರಗಾಗುತ್ತಿತ್ತು. ಬಡಕಲು ದೇಹದ ಆ ಮನುಷ್ಯ ಅಷ್ಟೊಂದು ರೊಟ್ಟಿ ತಿನ್ನಲು ಅದೆಷ್ಟು ಹಸಿದಿರಬೇಕು ಎಂದು.

ಒಂದು ದಿನ ಯಾವುದೋ ಕೆಲಸಕ್ಕೆ ಸಿಂಧನೂರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಫೋನ್ ಬೂತಿನವ ನನ್ನ ಗುರುತು ಹಿಡಿದು ಮಾವನ ಸುದ್ದಿ ತೆಗೆದ. ಬಾಜೂಕಿನ ಹೋಟೆಲು ತೋರಿಸಿ, "ಭಾಳ ಭೇಷಿ ಮನಶ್ಯಾರಿ ನಿಮ್ಮ ಮಾವಾರು. ಮೊದ್ಲ ಅಲ್ಲಿ ಕುಂತು ಹೊಟ್ಟಿ ತುಂಬ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂತಿದ್ರು. ಕೈ ತೊಳ್ಕೊಂಡು ಬಂದು ಆಮ್ಯಾಲ ಮನಿಗೆ ರಿಂಗ್ ಹೊಡೀತಿದ್ರು" ಎಂದ.

ನಾನೂ ಹೋಗಿ ಅಲ್ಲೇ ಕೂತು ಒಗ್ಗರಣೆ, ಮಿರ್ಚಿ ತಿಂದು, ಕೈ ತೊಳೆದುಕೊಂಡು ಬಂದು ಮನೆಗೆ ಮೂರು ರಿಂಗು ಕೊಟ್ಟೆ.