ಬ್ರೇಕಿಲ್ಲದ ಚಕ್ರ, ಮಟ್ಟವಾದ ಅಂಗಳ

ದರ್ಜಿಯಮ್ಮ: ಬಲಕ್ಕೆ ರೀ. ಇನ್ನೂ ಬಲಕ್ಕೆ. ಅದು ಕತ್ತರಿ ಅಲ್ಲ, ಇಸ್ತ್ರಿಪೆಟ್ಟಿಗೇದು ಹಿಡಿ.

ಮೇಸ್ತ್ರಿ: ಏನೋ ಒಂದು ಸಿಕ್ತಲ್ಲ.

ದರ್ಜಿಯಮ್ಮ: ಹಿಡಿ ಎಳೆದ್ರೆ ಪೆಟ್ಟಿಗೇನೂ ಜೊತೇಲೇ ಬರುತ್ತೆ. ಬಂದು ನನ್ನ ಮಿಷನ್ ಮೇಲೆ ಬೀಳುತ್ತೆ. ಬಿಡಿ ಅದನ್ನ.

ಮೇಸ್ತ್ರಿ ಕಿಟಕಿಯ ಸರಳುಗಳ ನಡುವೆ ಕೈಯನ್ನು ಹೆಗಲವರೆಗೂ ತೂರಿಸಿ, ಕೊಡೆಯ ಕೊಕ್ಕೆಯಿಂದ ಹೊಲಿಗೆ ಕೋಣೆಯೊಳಗೆ ಗಾಳ ಹಾಕುತ್ತಿದ್ದರು. ಕೋಣೆಗೆ ಬಾಗಿಲಿರಲಿಲ್ಲವೆಂದಲ್ಲ. ಇತ್ತು, ಹೊರಕ್ಕೆ ತೆರೆಯುವಂಥದ್ದು. ಆದರೆ ಆ ಬಾಗಿಲಿಗೆ ಬೆನ್ನು ಒತ್ತಿಕೊಂಡು ಹಳೆಯ ಡೀಸೆಲ್ ಜನರೇಟರೊಂದು ಗೂಳಿಯಂತೆ ನಿಂತಿತ್ತು. ಮುಚ್ಚಿಹೋದ ಆಸ್ಪತ್ರೆಯ ಹರಾಜಿನಲ್ಲಿ ಮೇಸ್ತ್ರಿ ಅದನ್ನು ಹಿಡಿದಿದ್ದರು. ಕ್ರೇನಿನವನು ಮೊನ್ನೆ ಕಾಂಪೌಂಡಿನಾಚೆಯಿಂದ ಎತ್ತಿ ಅಂಗಳಕ್ಕೆ ಇಳಿಸಿ, ನನ್ನ ಕ್ರೇನಿಗೆ ಇಷ್ಟೇ ನಿಲುಕುವುದು ಎಂದು ಹೇಳಿ ಹೋಗಿಬಿಟ್ಟಿದ್ದ.

ಒಳಗೆ, ಕೊಡೆಗೂ ಎಟುಕದ ಎದುರು ಗೋಡೆಯಲ್ಲಿ, ಬ್ಯಾಂಡಿನವರ ಕೆಂಪು ಕೋಟುಗಳು ಸಾಲಾಗಿ ತೂಗುತ್ತಿದ್ದವು. ಹೊಲಿಗೆಯೆಲ್ಲ ಮುಗಿದು ಚಿನ್ನದ ಬಣ್ಣದ ಗುಂಡಿ ಹಾಕುವುದೊಂದೇ ಉಳಿದಿತ್ತು. ಬ್ಯಾಂಡ್ ಮಾಸ್ತರು ಸಂಜೆ ಬರುವವರು. ಕೋಟು ಕೈಗೆ ಸಿಗದಿದ್ದರೆ ಇನ್ನು ಮುಂದೆ ಬಸ್ ನಿಲ್ದಾಣದ ಪಕ್ಕದ ದರ್ಜಿಗೇ ಬಟ್ಟೆ ಕೊಡುತ್ತೇನೆ ಎಂದು ಅವರು ಹೇಳಿಯಾಗಿತ್ತು. ಎಡದ ತೋಳನ್ನು ಬಲಕ್ಕೆ ಹೊಲಿದು ಕೊಡುವ ಆ ಮನುಷ್ಯನ ಕೈಗೆ ಈ ಕೆಲಸ ಸಿಗುತ್ತದಲ್ಲ ಎಂಬುದನ್ನೇ ದರ್ಜಿಯಮ್ಮನಿಗೆ ಸಹಿಸಲಾಗುತ್ತಿರಲಿಲ್ಲ.

ಮೇಸ್ತ್ರಿ: ನಿನಗೋಸ್ಕರ ತಂದದ್ದು ಕಣೇ. ಕರೆಂಟ್ ಹೋದಾಗ ನಿನ್ನ ಹೊಲಿಗೆ ನಿಲ್ಲಬಾರದು ಅಂತ.

ದರ್ಜಿಯಮ್ಮ: ನನ್ನದು ಕಾಲಲ್ಲಿ ತುಳಿಯೋ ಮಿಷನ್ನು. ಕರೆಂಟ್ ಬಂದಿದ್ದೂ ಅದಕ್ಕೆ ಗೊತ್ತಿಲ್ಲ, ಹೋಗಿದ್ದೂ ಗೊತ್ತಿಲ್ಲ.

ಮೇಸ್ತ್ರಿ: ಮೇಲೆ ಬಲ್ಬ್ ಇಲ್ವಾ?

ದರ್ಜಿಯಮ್ಮ: ಒಂದು ಬಲ್ಬಿಗೆ ಒಂದು ಆಸ್ಪತ್ರೆ ಜನರೇಟರ್. ಒಳ್ಳೇದಾಯ್ತು. ನಾಳೆ ಚಹಾ ಸೋಸೋಕೆ ಮೀನಿನ ಬಲೆ ತನ್ನಿ.

ಅಷ್ಟರಲ್ಲಿ ದರ್ಜಿಯಮ್ಮನ ತಮ್ಮ ಗೇಟನ್ನು ಕಾಲಲ್ಲಿ ತಳ್ಳಿಕೊಂಡು ಬಂದ. ಲಾರಿ ಗ್ಯಾರೇಜಿನಲ್ಲಿ ಕೆಲಸ ಅವನದು. ಒಂದು ಹೆಗಲ ಮೇಲೆ ಜಾಕ್, ಇನ್ನೊಂದರ ಮೇಲೆ ಗೋಣಿಚೀಲ.

ತಮ್ಮ: ಅಕ್ಕಾ, ಚಕ್ರ ತಂದೆ. ಭಾವ, ನೋಡಿ ಹೇಗಿದಾವೆ. ಎರಡು ನೆಟ್ಟಗೆ ಓಡೋವು, ಎರಡು ಸುತ್ತ ತಿರುಗೋವು. ಇದರ ಮೇಲೆ ಕೂರಿಸಿದ್ರೆ ನಿಮ್ಮ ಜನರೇಟರ್ ಮಗು ತಳ್ಳೋ ಗಾಡಿ ಹಾಗೆ ಓಡಾಡುತ್ತೆ.

ದರ್ಜಿಯಮ್ಮ: ಓಡಾಡೋದು ಸರಿ. ನಿಲ್ಲೋದು ಹೇಗೆ?

ತಮ್ಮ: ಅಂಗಡಿಯವನು ಬ್ರೇಕ್ ಇರೋ ಚಕ್ರಾನೂ ತೋರಿಸಿದ. ಕಾಲಲ್ಲಿ ಅದುಮಿದ್ರೆ ಅಲ್ಲಾಡಲ್ಲ. ಫೋನ್ ಮಾಡಿ ಕೇಳಿದೆ, ಭಾವ ಬೇಡ ಅಂದ್ರು.

ದರ್ಜಿಯಮ್ಮ: ಯಾಕ್ರೀ ಬೇಡ?

ಮೇಸ್ತ್ರಿ: ಬ್ರೇಕ್ ಬೇಕಾಗೋದು ಇಳಿಜಾರಿಗೆ. ಈ ಅಂಗಳದ ನೆಲ ಹಾಕಿದ್ದು ಯಾರು?

ದರ್ಜಿಯಮ್ಮ: ಶುರುವಾಯ್ತು.

ಮೇಸ್ತ್ರಿ: ಊರ ತುಂಬ ನೆಲ ಹಾಕಿದ ಕೈ ಇದು. ಈ ನೆಲದ ಮೇಲೆ ನೀರು ಸುರಿದ್ರೆ, ಯಾವ ಕಡೆ ಹೋಗ್ಬೇಕು ಅಂತ ನೀರಿಗೇ ತೋಚಲ್ಲ.

ದರ್ಜಿಯಮ್ಮ: ಚೆನ್ನಾಗಿ ತೋಚುತ್ತೆ. ನೇರ ನನ್ನ ಕೋಣೆಗೆ ಬರುತ್ತೆ. ಹೊಸಿಲಿಗೆ ಹಳೇ ಕಂಬಳಿ ಸುತ್ತಿ ಇಟ್ಟಿರೋದು ಅದಕ್ಕೆ ಚಳಿ ಆಗುತ್ತೆ ಅಂತಾನಾ?

ಮೇಸ್ತ್ರಿ: ನೀನು ಪೊರಕೆ ಹಿಡಿದು ಆ ಕಡೆಗೇ ಗುಡಿಸ್ತೀಯ. ನೀರಿಗೂ ಅದೇ ಅಭ್ಯಾಸ ಆಗಿದೆ.

ತಮ್ಮ: ರಸಮಟ್ಟ ಇಟ್ಟು ನೋಡಿದ್ರೆ ಆಯ್ತಪ್ಪ. ಜಗಳ ಯಾಕೆ?

ದರ್ಜಿಯಮ್ಮ: ರಸಮಟ್ಟ ಹೋದ ವರ್ಷ ಇವರ ಮಾತು ಕೇಳಲಿಲ್ಲ. ಅವತ್ತಿಂದ ಅಟ್ಟದ ಮೇಲಿದೆ.

ಮೇಸ್ತ್ರಿ: ಅದರೊಳಗಿನ ಗುಳ್ಳೆಗೆ ವಯಸ್ಸಾಗಿದೆ.

ತಮ್ಮ ನಗುವನ್ನು ನುಂಗಿಕೊಂಡು ಜನರೇಟರಿನ ಬುಡದಲ್ಲಿ ಅಂಗಾತ ಮಲಗಿದ. ಟ್ಯಾಂಕಿನಲ್ಲಿ ಒಂದು ಹನಿ ಡೀಸೆಲ್ಲೂ ಇಲ್ಲವೆಂದು ತಟ್ಟಿ ನೋಡಿ ಹೇಳಿದ. ಬುಡದ ಕಬ್ಬಿಣದ ಪಟ್ಟಿಯಲ್ಲಿ ಮೊದಲೇ ತೂತುಗಳಿದ್ದವು, ಬೋಲ್ಟ್ ತೂರಿಸಿ ಬಿಗಿದರೆ ಸಾಕು. ಅದಕ್ಕೂ ಮೊದಲು ಎತ್ತಬೇಕು.

ದರ್ಜಿಯಮ್ಮ: ಎತ್ತೋಕಾಗುತ್ತಾ ಇದನ್ನ?

ತಮ್ಮ: ಈ ಜಾಕ್ ಲಾರೀನೇ ಎತ್ತುತ್ತೆ.

ದರ್ಜಿಯಮ್ಮ: ಎತ್ತೋಕೆ ಆಗೋದಾದ್ರೆ ಎತ್ತಿ ಆ ಮೂಲೇಲಿ ಇಡು. ಚಕ್ರ ಯಾಕೆ?

ತಮ್ಮ: ಅಕ್ಕಾ, ಜಾಕ್ ಮೇಲಕ್ಕೆ ಎತ್ತುತ್ತೆ, ಪಕ್ಕಕ್ಕೆ ಒಯ್ಯಲ್ಲ.

ದರ್ಜಿಯಮ್ಮ: ಹಾಗಾದ್ರೆ ಅರ್ಧ ಕೆಲಸದ ಜಾಕು ಅದು.

ಮೇಸ್ತ್ರಿ: ಮಿಕ್ಕ ಅರ್ಧಕ್ಕೇ ಕಣೇ ಚಕ್ರ.

ತಮ್ಮ: ಎತ್ತಿದ ಮೇಲೆ ಕೆಳಗೆ ಕೊಡೋಕೆ ಗಟ್ಟಿ ಮರದ್ದು ಏನಾದ್ರೂ ಬೇಕು, ಭಾವ.

ಮೇಸ್ತ್ರಿ ಒಳಗೆ ಹೋಗಿ ತಂದದ್ದು ಅಡುಗೆಮನೆಯ ಮಣೆಯನ್ನು. ದರ್ಜಿಯಮ್ಮ ಕಣ್ಣಲ್ಲೇ ಅದನ್ನು ವಾಪಸು ಕಳಿಸಿದಳು. ಎರಡನೆಯ ಸಲ, ಮಂಚ ಓರೆಯಾಗದಿರಲೆಂದು ಅದರ ಕಾಲಿನ ಕೆಳಗೆ ಕೊಟ್ಟಿದ್ದ ದಿಮ್ಮಿಗಳನ್ನು ತಂದರು. ಇವತ್ತು ರಾತ್ರಿ ಮಂಚದಲ್ಲಿ ತಲೆ ಕೆಳಗೆ, ಕಾಲು ಮೇಲೆ ಎಂದು ಆಕೆ ಅಂದುಕೊಂಡಳು, ಆದರೆ ಗೋಡೆಯ ಮೇಲಿನ ಕೆಂಪು ಕೋಟುಗಳನ್ನು ನೆನೆದು ಬಾಯಿ ಮುಚ್ಚಿಕೊಂಡಳು. ಜಾಕ್ ಕಿರ್ ಕಿರ್ ಎನ್ನುತ್ತ ಒಂದೊಂದೇ ಮೂಲೆಯನ್ನು ಎತ್ತಿತು. ತಮ್ಮ ಬೋಲ್ಟ್ ಬಿಗಿದ. ಮೇಸ್ತ್ರಿ ಪಕ್ಕದಲ್ಲಿ ನಿಂತು, ಅವನು ಬಲಕ್ಕೆ ತಿರುಗಿಸುವಾಗೆಲ್ಲ "ಬಲಕ್ಕೆ ತಿರುಗಿಸು" ಎಂದು ಹೇಳಿಕೊಡುತ್ತಿದ್ದರು.

ಕೊನೆಗೆ ಜಾಕ್ ಇಳಿಯಿತು, ದಿಮ್ಮಿಗಳು ಹೊರಗೆ ಬಂದವು. ಭಾವ, ಭಾವಮೈದ ಇಬ್ಬರೂ ಉಸಿರು ಬಿಗಿಹಿಡಿದು ನೂಕಿದರು. ಜನರೇಟರ್ ಸ್ವಲ್ಪ ಯೋಚನೆ ಮಾಡಿ ಹೊರಟಿತು. ಅಂಗಳದ ಆಚೆ ತುದಿಗೆ, ನೀರಿನ ತೊಟ್ಟಿಯ ಪಕ್ಕಕ್ಕೆ ಹೋಗಿ ನಿಂತಿತು. ತಮ್ಮ ಅದರ ಮೇಲೆ ಒಂದು ಕೈ ಊರಿ ಸುಧಾರಿಸಿಕೊಂಡ.

ಮೇಸ್ತ್ರಿ: ನೋಡಿದ್ಯಾ? ಬ್ರೇಕ್ ಬೇಕಂತೆ ಬ್ರೇಕು. ತಾಳು, ಕೋಟು ನಾನೇ ತಂದುಕೊಡ್ತೀನಿ. ಎಷ್ಟು ದಿನ ಆಯ್ತು, ಬಾಗಿಲಿಂದ ಒಳಗೆ ಹೋಗೋ ಸುಖವೇ ಬೇರೆ.

ಬಾಗಿಲನ್ನು ಅಗಲಕ್ಕೆ ತೆರೆದು ಅವರು ಒಳಗೆ ನಡೆದರು. ಆಗ ತಮ್ಮನಿಗೆ ಬಾಯಾರಿಕೆಯಾಯಿತು. ಅವನು ಕೈ ತೆಗೆದು ತೊಟ್ಟಿಯ ಕಡೆ ತಿರುಗಿದ.

ಜನರೇಟರ್ ಹೊರಟಿತು. ಆತುರವೇನೂ ಇರಲಿಲ್ಲ ಅದಕ್ಕೆ. ಊಟ ಮುಗಿಸಿ ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕುವ ಯಜಮಾನರ ಗತ್ತಿನಲ್ಲಿ ಬರುತ್ತಿತ್ತು. ದರ್ಜಿಯಮ್ಮ ಅದನ್ನು ನೋಡಿದಳು. ಆಕೆಯ ಕಾಲಿನ ಹತ್ತಿರವೇ ಮಂಚದ ದಿಮ್ಮಿ ಬಿದ್ದಿತ್ತು, ಬಗ್ಗಿ ಚಕ್ರಕ್ಕೆ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ಯಾಕೋ ಆ ಹೊತ್ತಿಗೆ ಸೊಂಟ ಬಗ್ಗಲಿಲ್ಲ. ಜನರೇಟರ್ ತೆರೆದ ಬಾಗಿಲನ್ನು ಭುಜದಿಂದ ನೂಕಿ, ಮುಚ್ಚಿ, ತನ್ನ ಹಳೆಯ ಜಾಗದಲ್ಲಿ ಬೆನ್ನೊತ್ತಿ ನಿಂತುಕೊಂಡಿತು.

ಮೇಸ್ತ್ರಿ (ಒಳಗಿನಿಂದ): ಯಾರದು ಬಾಗಿಲು ಹಾಕಿದ್ದು?

ದರ್ಜಿಯಮ್ಮ: ನಿಮ್ಮ ಜನರೇಟರು.

ಮೇಸ್ತ್ರಿ: ನೂಕಿದ್ದು ಯಾರು?

ತಮ್ಮ: ಯಾರೂ ಇಲ್ಲ ಭಾವ. ಅದಾಗೇ ಬಂತು.

ಮೇಸ್ತ್ರಿ: ಗಾಳಿ ಇರ್ಬೇಕು.

ದರ್ಜಿಯಮ್ಮ: ಹಗ್ಗದ ಮೇಲೆ ನಿಮ್ಮ ಪಂಚೆ ಮಿಸುಕಿಲ್ಲ. ಜನರೇಟರ್ ಹಾರಿಸೋ ಗಾಳಿ ಪಂಚೆ ಬಿಟ್ಟುಬಿಡ್ತಾ?

ಮೇಸ್ತ್ರಿ: ಚಕ್ರದಲ್ಲಿ ದೋಷ ಇದೆ.

ತಮ್ಮ: ಚಕ್ರದ ಮೇಲೆ ಹೊರಿಸಬೇಡಿ ಭಾವ. ತಾಳಿ, ಈಗಲೇ ಸರಿಸ್ತೀನಿ.

ದರ್ಜಿಯಮ್ಮ: ಮುಟ್ಟಬೇಡ.

ತಮ್ಮ: ಅಕ್ಕಾ?

ದರ್ಜಿಯಮ್ಮ: ಕೈ ತೆಗಿ ಅಂದೆ. ಏನ್ರೀ, ಕೇಳಿಸ್ತಾ ಇದೆಯಾ? ನೆಲ ಇಳಿಜಾರಿದೆ ಅಂತ ಒಂದು ಮಾತು ಹೇಳಿ. ಬಾಗಿಲು ತೆಗೆಸ್ತೀನಿ.

ಕಿಟಕಿಯ ಸರಳುಗಳ ಹಿಂದೆ ಮೇಸ್ತ್ರಿಯ ಮುಖ ಮೂಡಿತು.

ಮೇಸ್ತ್ರಿ: ಬೇಕಾದ್ರೆ ಇಲ್ಲೇ ಇರ್ತೀನಿ. ನೆರಳಿದೆ, ಕುರ್ಚಿ ಇದೆ.

ದರ್ಜಿಯಮ್ಮ: ಇರಿ. ಸೂಜಿ ಡಬ್ಬಿ ಮಿಷನ್ ಪಕ್ಕದಲ್ಲಿದೆ. ಅರ್ಧದಷ್ಟು ಕೋಟುಗಳನ್ನ ಸರಳಿನ ಸಂದಿಂದ ನನಗೆ ಕೊಡಿ, ಇನ್ನರ್ಧಕ್ಕೆ ನೀವು ಗುಂಡಿ ಹಾಕಿ. ಸುಮ್ಮನೆ ಕೂತ್ರೆ ಸೊಂಟ ಹಿಡ್ಕೊಳ್ಳುತ್ತೆ.

ಹಾಗೆ ಕಿಟಕಿಯ ಆಚೆಗೊಬ್ಬರು ಈಚೆಗೊಬ್ಬರು ಕುಳಿತು ಗುಂಡಿ ಹಾಕತೊಡಗಿದರು. ಮೇಸ್ತ್ರಿ ಗೋಡೆ ಕಟ್ಟುವಾಗ ಹಿಡಿಯುವಂತೆ ಕೋಟಿನ ಮೇಲಿಂದ ಕೆಳಕ್ಕೆ ದಾರ ಎಳೆದು, ಒಂದು ಕಣ್ಣು ಮುಚ್ಚಿ, ಗುಂಡಿಗಳನ್ನು ಸಾಲು ಹಿಡಿಯುತ್ತಿದ್ದರು. ಸಾಲು ಚೆನ್ನಾಗಿಯೇ ಬಂತು. ಗಂಟು ಹಾಕುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಿಸಿಲು ಗೋಡೆ ಹತ್ತಿತು. ಒಳಗಿನ ಕುರ್ಚಿ ಕಿರುಗುಟ್ಟಿತು, ಮತ್ತೆ ಕಿರುಗುಟ್ಟಿತು.

ಮೇಸ್ತ್ರಿ: ಲೇ.

ದರ್ಜಿಯಮ್ಮ: ಏನು?

ಮೇಸ್ತ್ರಿ: ಒಂಚೂರು ಬಚ್ಚಲಿಗೆ ಹೋಗ್ಬೇಕಿತ್ತು.

ದರ್ಜಿಯಮ್ಮ: ಇಳಿಜಾರು ಅನ್ನಿ, ಹೋಗಿ ಬನ್ನಿ.

ಮೇಸ್ತ್ರಿ: ಅವಸರ ಇದೆ ಕಣೇ.

ದರ್ಜಿಯಮ್ಮ: ಚಿಕ್ಕ ಮಾತು. ಅವಸರದಲ್ಲೂ ಹೇಳಬಹುದು.

ಮೇಸ್ತ್ರಿ: ನಿನ್ನ ತಮ್ಮನಿಗೆ ಕಿವಿ ಮುಚ್ಕೋ ಅನ್ನು.

ತಮ್ಮ ಎರಡೂ ಕಿವಿಗೆ ಬೆರಳಿಟ್ಟುಕೊಂಡ, ಬೇಕಾದಷ್ಟು ಸಡಿಲವಾಗಿ.

ಮೇಸ್ತ್ರಿ: ಇಳಿಜಾರೇ. ಆಯ್ತಾ? ಆದ್ರೆ ಒಂದು ಮಾತು. ಒಂದೇ ಸಮನೆ ಇಳಿಜಾರು. ಎಲ್ಲೂ ಉಬ್ಬಿಲ್ಲ, ತಗ್ಗಿಲ್ಲ. ಅಷ್ಟು ದೂರದಿಂದ ಬಂತಲ್ಲ, ಒಂದು ಸಲ ಆದ್ರೂ ತೊನೆದಾಡ್ತಾ?

ದರ್ಜಿಯಮ್ಮ ನೆನಪು ಮಾಡಿಕೊಂಡು ನೋಡಿದಳು. ತೊನೆದಾಡಿರಲಿಲ್ಲ, ನಿಜ.

ತಮ್ಮ ಜನರೇಟರನ್ನು ಮತ್ತೆ ತೊಟ್ಟಿಯ ಪಕ್ಕಕ್ಕೆ ನೂಕಿ, ಬೆನ್ನು ಕೊಟ್ಟು ಹಿಡಿದುಕೊಂಡ. ಮೇಸ್ತ್ರಿ ಓಡಿದರು. ಹಗುರಾಗಿ ಬಂದವರು ಅಂಗಳದ ನಡುವೆ ಗಕ್ಕನೆ ನಿಂತರು. ದರ್ಜಿಯಮ್ಮ ಕಾಂಪೌಂಡಿನ ಹತ್ತಿರದಿಂದ ಒಂದು ಇಟ್ಟಿಗೆ ಎತ್ತಿಕೊಂಡು ಬರುತ್ತಿದ್ದಳು.

ಮೇಸ್ತ್ರಿ: ಅದು ಯಾಕೆ?

ದರ್ಜಿಯಮ್ಮ: ಚಕ್ರಕ್ಕೆ ಕೊಡೋಕೆ. ಬ್ರೇಕಿನ ಅಂಗಡಿ ಇನ್ನು ನಾಳೆ ತೆಗೆಯೋದಂತೆ.

ಮೇಸ್ತ್ರಿ: ಈಗ ಮಾಸ್ತರು ಬರ್ತಾರೆ. ನನ್ನ ನೆಲದ ಮೇಲೆ ಚಕ್ರಕ್ಕೆ ಇಟ್ಟಿಗೆ ಕೊಟ್ಟಿರೋದು ನೋಡಿದ್ರೆ ಏನಂತಾರೆ? ಊರಿಗೆಲ್ಲ ಬ್ಯಾಂಡ್ ಬಾರಿಸ್ಕೊಂಡು ಹೇಳ್ತಾರೆ. ಬೇಡ. ನಾನೇ ಹಿಡ್ಕೊಂಡು ನಿಲ್ತೀನಿ.

ದರ್ಜಿಯಮ್ಮ: ನನ್ನೊಬ್ಬಳ ಹತ್ತಿರ ಹೇಳಿದ್ದು ಸಾಕಂತೀರಾ?

ಮೇಸ್ತ್ರಿ: ಮನೆ ಮಾತು ಮನೇಲಿರಲಿ.

ಮೇಸ್ತ್ರಿ ಭಾವಮೈದನನ್ನು ಸರಿಸಿ ತಾವೇ ಜನರೇಟರಿಗೆ ಬೆನ್ನು ಕೊಟ್ಟು ನಿಂತರು. ಆಕೆ ಇಟ್ಟಿಗೆ ಕೆಳಗಿಟ್ಟು ಒಳಗೆ ಹೋದಳು. ಕೊನೆಯ ಗುಂಡಿಯ ದಾರ ಕಚ್ಚಿ ಕತ್ತರಿಸುವುದಕ್ಕೂ ಗೇಟು ಸದ್ದಾಗುವುದಕ್ಕೂ ಸರಿಹೋಯಿತು. ಬ್ಯಾಂಡ್ ಮಾಸ್ತರು ಗುಂಡು ಹೊಟ್ಟೆಯ ಮನುಷ್ಯ, ಹೊಟ್ಟೆಯ ಮೇಲೆ ಡೋಲು ಕೂರಿಸಿಕೊಂಡೇ ಹುಟ್ಟಿದವರಂತೆ ನಡೆಯುತ್ತಿದ್ದರು.

ಮಾಸ್ತರು: ಮೇಸ್ತ್ರಿಗಳೇ, ಯಾಕೆ ಬಿಸಿಲಲ್ಲಿ ನಿಂತ್ರಿ? ಬನ್ನಿ, ಕೂತ್ಕೊಳ್ಳಿ.

ಮೇಸ್ತ್ರಿ: ಇಲ್ಲ, ನನಗೆ ಹೀಗೆ ಒರಗಿ ನಿಂತ್ರೇ ಆರಾಮ.

ಮಾಸ್ತರು: ಬೆವರು ಸುರೀತಿದೆ.

ಮೇಸ್ತ್ರಿ: ಆರಾಮ ಜಾಸ್ತಿ ಆದ್ರೆ ಹೀಗೇ.

ಮಾಸ್ತರು ಮೊದಲ ಕೋಟು ತೊಟ್ಟು ನೋಡಿಕೊಂಡರು. ತೋಳು ತೋಳಿದ್ದಲ್ಲೇ ಇತ್ತು. ಮುಖ ಅರಳಿತು. ಇಡೀ ಬ್ಯಾಂಡಿಗೆ ಇನ್ನು ಮುಂದೆ ಇಲ್ಲೇ ಹೊಲಿಸುವುದೆಂದು ಹೇಳಿ, ಸಂತೋಷಕ್ಕೆ ಎದೆಯುಬ್ಬಿಸಿ ಉಸಿರೆಳೆದರು. ಹೊಟ್ಟೆಯ ಮೇಲಿನ ಗುಂಡಿಯೊಂದು ಟಪ್ಪೆಂದು ಹಾರಿತು. ಅದು ಮೇಸ್ತ್ರಿ ಹಾಕಿದ ಗುಂಡಿ.

ಗುಂಡಿ ನೆಲಕ್ಕೆ ಬಿದ್ದು, ಅಂಚಿನ ಮೇಲೆ ಎದ್ದು ನಿಂತು, ಹೊರಟಿತು. ಎಡಕ್ಕೂ ಸರಿಯದೆ ಬಲಕ್ಕೂ ಸರಿಯದೆ ಅಂಗಳದ ಉದ್ದಕ್ಕೂ ಉರುಳಿ, ಹೊಲಿಗೆ ಕೋಣೆಯ ಹೊಸಿಲಿನ ಕಂಬಳಿಗೆ ತಗುಲಿ ಮಲಗಿತು. ಎಲ್ಲರೂ ಅದನ್ನೇ ನೋಡಿದರು. ಮೇಸ್ತ್ರಿ ಮಾತ್ರ ಆಕಾಶ ನೋಡಿದರು.

ಮಾಸ್ತರು: ಅಲ್ಲಾ, ಈ ಅಂಗಳ ಸ್ವಲ್ಪ...

ದರ್ಜಿಯಮ್ಮ: ಅಂಗಳಕ್ಕೇನಾಗಿದೆ? ಗುಂಡಿ ದುಂಡಗಿದೆ, ಉರುಳ್ತು. ಚೌಕದ ಗುಂಡಿ ತಂದುಕೊಡಿ, ಬಿದ್ದಲ್ಲೇ ಬಿದ್ದಿರುತ್ತೆ. ನಮ್ಮ ಯಜಮಾನ್ರು ಹಾಕಿದ ನೆಲ ಇದು.

ಮೇಸ್ತ್ರಿ ಆಕಾಶದಿಂದ ಕಣ್ಣಿಳಿಸಿ ಹೆಂಡತಿಯನ್ನು ನೋಡಿದರು. ಇಷ್ಟು ವರ್ಷದಲ್ಲಿ ಆ ಬಾಯಿಂದ ಆ ಮಾತು ಅವರು ಕೇಳಿರಲಿಲ್ಲ. ಮನಸ್ಸು ತುಂಬಿ ಬಂದು, ಏನು ಮಾಡುತ್ತಿದ್ದೇನೆಂಬುದನ್ನೇ ಮರೆತು, ಆಕೆಯ ಕಡೆಗೆ ನಾಲ್ಕು ಹೆಜ್ಜೆ ನಡೆದುಬಂದರು. ಅವರ ಬೆನ್ನ ಹಿಂದೆ ಜನರೇಟರೂ ಹೊರಟಿತು.

ಮಾಸ್ತರು ಕೋಟಿನ ಸಮೇತ ಗೋಡೆಗೆ ಅಂಟಿಕೊಂಡರು. ತಮ್ಮ ಇಟ್ಟಿಗೆಗೆ ಓಡಿದ.

ಮಾಸ್ತರು: ಅಮ್ಮಾ, ಗುಂಡಿ ದುಂಡಗಿತ್ತು, ಒಪ್ಪಿದೆ. ಇದು ಯಾಕೆ ಬರ್ತಿದೆ?

ದರ್ಜಿಯಮ್ಮ: ಮೊನ್ನೆಯಿಂದ ಹಾಗೇ ಅದು. ಯಜಮಾನ್ರನ್ನ ಹಚ್ಚಿಕೊಂಡುಬಿಟ್ಟಿದೆ, ಬಿಟ್ಟಿರಲ್ಲ.