ರಾಹುಕಾಲದ ಅಪ್‌ಡೇಟು

ಸೋಂಪುರ ಕೈಗಾರಿಕಾ ಪ್ರದೇಶದ ಮುತ್ಯಾಲಮ್ಮ ನಟ್ಟುಬೋಲ್ಟು ಕಂಪನಿಯ ಮಾಹಿತಿ ತಂತ್ರಜ್ಞಾನ ವಿಭಾಗದಲ್ಲಿ ಒಟ್ಟು ಒಬ್ಬರು ಸಿಬ್ಬಂದಿ ಇದ್ದಾರೆ. ಆ ಒಬ್ಬರೂ ನರೇಶನೇ, ಅವರ ಮುಖ್ಯಸ್ಥನೂ ನರೇಶನೇ. ಮುಖ್ಯಸ್ಥನೇನೋ ಹೌದು, ಆದರೆ ನಾಲ್ಕು ವರ್ಷದಿಂದ ತಾತ್ಕಾಲಿಕ. ಕೆಲಸ ಕಾಯಂ ಆಗುವವರೆಗೆ ಮಗಳು ಪವಿತ್ರಳನ್ನು ಕೊಡುವುದಿಲ್ಲವೆಂದು ದೊಡ್ಡಬೆಳವಂಗಲದ ಆದಿನಾರಾಯಣಪ್ಪ ಖಡಾಖಂಡಿತವಾಗಿ ಹೇಳಿದ್ದರಿಂದ, ಬಡಪಾಯಿಗೆ ಹಗಲಿರುಳು ಅದೇ ಜಪ.

ಹೀಗಿರುವಾಗ ಹೆಡ್ಡಾಫೀಸಿನಿಂದ 'ಉತ್ತಮ ಪದ್ಧತಿಗಳ ಕೈಪಿಡಿ' ಬಂತು. ಅದರ ಏಳನೇ ನಿಯಮ: "ಅಪ್‌ಡೇಟನ್ನು ಕಂಪ್ಯೂಟರ್ ಬಳಕೆ ಅತಿ ಕಡಿಮೆ ಇರುವ ವೇಳೆಯಲ್ಲಿಯೇ ಮಾಡತಕ್ಕದ್ದು. ಸದರಿ ವೇಳೆಯನ್ನು ಅಂಕಿಅಂಶಗಳಿಂದ ಗೊತ್ತುಮಾಡತಕ್ಕದ್ದು."

ನರೇಶ ಅಂಕಿಅಂಶ ತೆಗೆದು ನೋಡಿ ಬೆರಗಾದ. ದಿನಕ್ಕೆ ಒಂದೂವರೆ ಗಂಟೆ ಇಡೀ ಕಾರ್ಖಾನೆಯಲ್ಲಿ ಒಬ್ಬರೂ ಕೀಲಿ ಒತ್ತುತ್ತಿರಲಿಲ್ಲ. ಅದೂ ಸೋಮವಾರ ಒಂದು ಹೊತ್ತು, ಮಂಗಳವಾರ ಇನ್ನೊಂದು ಹೊತ್ತು. ಲಾರಿಗಳ ಬಿಲ್ಲು ಹಾಕುವ ಅಪ್ಪಯ್ಯಣ್ಣನ ಹತ್ತಿರ ಓಡಿದ.

"ಅಣ್ಣಾ, ಶುಕ್ರವಾರ ಹತ್ತೂವರೆಯಿಂದ ಹನ್ನೆರಡರ ತಂಕ ಏನ್ ಮಾಡ್ತೀಯಾ?"

"ಏನೂ ಮಾಡಲ್ಲ ಕಣಪ್ಪ. ರಾಹುಕಾಲದಲ್ಲಿ ಬಿಲ್ ಹಾಕಿದ್ರೆ ಲಾರಿ ದಾಬಸ್‌ಪೇಟೆ ದಾಟ್ತದಾ?"

ನರೇಶ ಕುಣಿದಾಡಿಬಿಟ್ಟ. ರಾಹುಕಾಲಕ್ಕೆ 'ಶೂನ್ಯಬಳಕೆಯ ಸಂಚಾರಿ ಅವಧಿ' ಎಂದು ಹೆಸರಿಟ್ಟು ವರದಿ ಕಳಿಸಿದ. ಹೆಡ್ಡಾಫೀಸು ಮೆಚ್ಚಿ ಎಲ್ಲ ಶಾಖೆಗಳಿಗೂ ಸುತ್ತೋಲೆ ಹೊರಡಿಸಿತು: ಸದರಿ ಅವಧಿಯಲ್ಲಿ ಸಕಲ ಕಂಪ್ಯೂಟರುಗಳೂ ಬಂದ್, ವಿನಾಯಿತಿ ಬೇಕಾದವರು ಕಂಪ್ಯೂಟರಿನ ಮೂಲಕವೇ ನರೇಶರಿಗೆ ಅರ್ಜಿ ಸಲ್ಲಿಸತಕ್ಕದ್ದು. ಜರ್ಮನಿಯ ಶಾಖೆಯವರು ತಮ್ಮೂರ ಸೂರ್ಯೋದಯದ ಲೆಕ್ಕವೋ ಸೋಂಪುರದ್ದೋ ಎಂದು ವಿಚಾರಿಸಿದರು. ಸೋಂಪುರದ್ದೇ ಎಂದು ತೀರ್ಮಾನವಾಯಿತು. ಪಾಪ, ಅವರು ಶುಕ್ರವಾರ ಬೆಳಗ್ಗೆ ಏಳಕ್ಕೇ ಬಂದು ಕೈಕಟ್ಟಿ ಕೂರತೊಡಗಿದರು.

ಮುಂದಿನ ತಿಂಗಳ ಒಂದು ಶುಕ್ರವಾರ, ಹತ್ತು ನಲವತ್ತಕ್ಕೆ, ಹೆಡ್ಡಾಫೀಸಿನ ಸಿಬ್ಬಂದಿ ವಿಭಾಗದ ಬಿಂದುಶ್ರೀ ಫೋನ್ ಮಾಡಿದಳು.

"ನರೇಶ್, ಕಂಗ್ರಾಟ್ಸ್! ನಿಮ್ಮ ಕಾಯಂ ಆದೇಶ ಬಂದಿದೆ. ಸಿಸ್ಟಮ್‌ನಲ್ಲಿ 'ಒಪ್ಪಿಗೆ' ಒತ್ತಿ. ಹನ್ನೆರಡಕ್ಕೆ ಲಿಂಕ್ ಮುಚ್ಚೋಗತ್ತೆ."

"ಮೇಡಂ, ಸಿಸ್ಟಮ್ ಏಳೋದೇ ಹನ್ನೆರಡಕ್ಕೆ."

"ಒಂದ್ನಿಮಿಷ ಆನ್ ಮಾಡ್ಬಿಡಿ."

"ವಿನಾಯ್ತಿ ಬೇಕು."

"ಯಾರು ಕೊಡೋದು?"

"ನಾನೇ."

"ಮತ್ತೆ ಕೊಟ್ಕೊಳ್ಳಿ!"

"ಅರ್ಜಿ ಬರ್ಬೇಕಲ್ಲ ಮೇಡಂ. ಅದನ್ನ ಸಿಸ್ಟಮ್‌ನಲ್ಲೇ ಹಾಕ್ಬೇಕು."

ಬಿಂದುಶ್ರೀ ನಿಯಮಪಾಲನೆಯನ್ನು ಶ್ಲಾಘಿಸಿ ಫೋನಿಟ್ಟಳು. ನರೇಶನಿಗೆ ಅಳುವೇ ಬಂತು. ನಿಯಮದ ಮನೆ ಹಾಳಾಗಲಿ ಎಂದು ಮೇನ್ ಸ್ವಿಚ್ಚಿಗೆ ಕೈಹಾಕಿದ. ಅಷ್ಟರಲ್ಲಿ ಫೋನಿನ ಮಾತು ಕೇಳಿಸಿಕೊಂಡಿದ್ದ ಅಪ್ಪಯ್ಯಣ್ಣ ಓಡಿಬಂದು ರಟ್ಟೆ ಹಿಡಿದುಕೊಂಡ.

"ಲೇ ಗುರು, ತಲೆ ನೆಟ್ಟಗಿದೆಯಾ? ಜೀವಮಾನದ ಕೆಲ್ಸ ಕಣೋ. ರಾಹುಕಾಲದಲ್ಲಿ ಒಪ್ಕೋತೀಯಾ?"

ನರೇಶ ಅರೆಗಳಿಗೆ ಯೋಚಿಸಿದ. ಕೈ ತಾನಾಗಿ ಕೆಳಗಿಳಿಯಿತು.

ಹನ್ನೆರಡಕ್ಕೆ ಸಿಸ್ಟಮ್ ಎದ್ದಿತು. ಲಿಂಕ್ ಮುಚ್ಚಿತ್ತು. "ತಮ್ಮ ತಾತ್ಕಾಲಿಕ ಸೇವೆಯನ್ನು ಇನ್ನೂ ಒಂದು ವರ್ಷ ಮುಂದುವರಿಸಲು ಹರ್ಷಿಸುತ್ತೇವೆ" ಎಂಬ ಸಂದೇಶ, ಅದರ ಬೆನ್ನಿಗೇ ಶೇಕಡಾ ನೂರು ನಿಯಮಪಾಲನೆಯ ಪ್ರಶಸ್ತಿಪತ್ರ ಬಂದವು. ಸಂಜೆ ನರೇಶ ಆದಿನಾರಾಯಣಪ್ಪನಿಗೆ ವಿಷಯವನ್ನೆಲ್ಲ ತಿಳಿಸಿದ.

"ಅಲ್ಲಾ ಕಣಪ್ಪ, ಕೆಟ್ಟ ಗಳಿಗೇಲಿ ಪರ್ಮನೆಂಟ್ ಆಗಿದ್ದಿದ್ರೆ ನಮ್ಮ ಪವಿತ್ರನ ಗತಿ ಏನು? ನಿನ್ನಂಥ ಅಳಿಯ ಹುಡುಕಿದ್ರೂ ಸಿಗಲ್ಲ," ಎಂದು ಆತ ಆನಂದಬಾಷ್ಪ ಸುರಿಸಿ, ಮದುವೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿದ.

ಅಳಿಯ ಎನಿಸಿಕೊಂಡ ಖುಷಿಗೆ ನರೇಶ ಶನಿವಾರ ಕಾರ್ಖಾನೆಗೆಲ್ಲ ಲಾಡು ಹಂಚಿದ.