ಗೀಸರ್ ಪ್ರತಿಜ್ಞೆ

ಮೂರನೇ ಬಕೆಟಿಗೆ ಗೀಸರಿನ ನೀರು ತಣ್ಣಗಾಯಿತು. ನಡೆದದ್ದು ಇಷ್ಟೇ. ಆದರೆ ಆ ನೀರು ಬಿದ್ದದ್ದು ಮೈತುಂಬ ಎಣ್ಣೆ ಹಚ್ಚಿಕೊಂಡು ಕುಳಿತಿದ್ದ ಬಾಣಂತಿಯ ಬೆನ್ನಿನ ಮೇಲೆ, ಹೊಯ್ಯುತ್ತಿದ್ದವರು ಅವಳ ತಾಯಿ ಸುಂದರಿ. ಹಾಗಾಗಿ ಬಾಣಂತಿಯ ಗಂಡ ದೂಮಪ್ಪನ ಶುಕ್ರವಾರದ ರಜೆ ಬೆಳಿಗ್ಗೆಯೇ ಕೆಟ್ಟುಹೋಯಿತು.

ಸುಂದರಿಯವರು ಮಗಳು ಉಮಾವತಿಯ ಬಾಣಂತನಕ್ಕೆಂದು ಕಾರ್ಕಳದಿಂದ ಬೊಂಬಾಯಿಗೆ ಬಸ್ಸಿನಲ್ಲಿ, ಬೊಂಬಾಯಿಯಿಂದ ಮಸ್ಕತ್ತಿಗೆ ವಿಮಾನದಲ್ಲಿ ಬಂದವರು. ಅವರ ಲೆಕ್ಕದಲ್ಲಿ ಬಾಣಂತಿ ನೀರು ಎಂದರೆ ಒಲೆಯ ಮೇಲೆ ತಾಮ್ರದ ಹಂಡೆ, ಅದರೊಳಗೆ ನೆಕ್ಕಿ ಸೊಪ್ಪು, ಅಡಿಯಲ್ಲಿ ತೆಂಗಿನ ಮಡಲಿನ ಬೆಂಕಿ, ಹೊಯ್ಯುವವರ ಕೈ ಸೋಲುವ ತನಕ ಮುಗಿಯದ ನೀರು. ಮಸ್ಕತ್ತಿನ ಹೊರಗಿನ ಅಮೇರಾತಿನ ಈ ಬಾಡಿಗೆ ಮನೆಯಲ್ಲಿ ಹಂಡೆಯೂ ಇಲ್ಲ, ಒಲೆಯೂ ಇಲ್ಲ. ಬಚ್ಚಲಿನ ಗೋಡೆಗೆ ಒಂದು ಬಿಳಿ ಪೆಟ್ಟಿಗೆ, ಕೆಳಗೆ ಕೆಂಪು ಚುಕ್ಕೆಯ ಒಂದು ನಲ್ಲಿ, ನೀಲಿ ಚುಕ್ಕೆಯ ಇನ್ನೊಂದು. ಕೆಂಪಿನಲ್ಲಿ ಬಿಸಿ, ನೀಲಿಯಲ್ಲಿ ತಣ್ಣೀರು ಎಂದು ಅಳಿಯ ಬಂದ ದಿನವೇ ಪಾಠ ಮಾಡಿದ್ದ. ಅವರು ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

"ನಿಮ್ಮ ಪೆಟ್ಟಿಗೆಗೆ ಉಬ್ಬಸ ಉಂಟಾ ಎಂತ?" ಎಂದು ಬಚ್ಚಲಿನಿಂದ ಹೊರಬಂದು ಕೇಳಿದರು. "ಮೂರು ಬಕೆಟಿಗೆ ಸುಸ್ತಾಗ್ತದೆ. ಕೇಳಿ ಅಳಿಯಂದಿರೇ, ಎಣ್ಣೆ ಹಚ್ಚಿದ ಮೈ, ಅರ್ಧ ಮಿಂದು ಕೂತಿದ್ದಾಳೆ. ಊಟದೊಳಗೆ ಸರಿಯಾದ ಬಿಸಿನೀರು ಸಿಕ್ಕಿದ್ರೆ ಆಯ್ತು. ಇಲ್ಲದಿದ್ರೆ ತಾಯಿಯನ್ನೂ ಮಗುವನ್ನೂ ಆದಿತ್ಯವಾರದ ವಿಮಾನದಲ್ಲಿ ಊರಿಗೆ ಕರ್ಕೊಂಡು ಹೋಗ್ತೇನೆ. ಬಾಣಂತಿಗೆ ಹತ್ತಿದ ಥಂಡಿ ಜನ್ಮಕ್ಕೆ ಬಿಡುದಿಲ್ಲ."

ವೀಸಾಕ್ಕೆ ಸಹಿ ಹಾಕುವ ಅರಬ್ ಧಣಿ ಕಫೀಲನ ಬಾಗಿಲು ವರ್ಷಗಟ್ಟಲೆ ಕಾದು ಹೆಂಡತಿಯ ವೀಸಾ ಮಾಡಿಸಿಕೊಂಡವನು ದೂಮಪ್ಪ. ಆ ವರ್ಷಗಳೆಲ್ಲ ಒಂದೇ ಕೋಣೆಯಲ್ಲಿ ಐವರು ಗಂಡಸರ ಗೊರಕೆ ಕೇಳಿ ಮಲಗಿದ್ದ. ಈಗ ಮಗಳ ಅಳು ಕೇಳಿ ಏಳುವ ಸುಖ ಸಿಕ್ಕಿತ್ತು, ಅದನ್ನು ಒಂದು ಬಕೆಟ್ ನೀರಿಗಾಗಿ ಕಳೆದುಕೊಳ್ಳಲು ಅವನು ತಯಾರಿರಲಿಲ್ಲ.

ಉಪಾಯವೇನೋ ಪಕ್ಕದ ಬಾಗಿಲಲ್ಲೇ ಇತ್ತು. ಪಕ್ಕದ ಮನೆಯ ಮಹಮೂದ್ ಬ್ಯಾರಿಗೆ ಬೀದಿಯ ತುದಿಯಲ್ಲಿ ಗ್ಯಾಸ್ ಸಿಲಿಂಡರಿನ ಅಂಗಡಿ. ಆದರೆ ಗೀಸರ್ ತಂದ ದಿನ, ಕರೆಂಟಿನಲ್ಲಿ ನೀರು ಕಾಯಿಸಿದರೆ ಮೀಟರು ಬುಗುರಿಯ ಹಾಗೆ ತಿರುಗುತ್ತದೆ ಎಂದು ಮಹಮೂದ್ ನಕ್ಕಿದ್ದ. ಅದಕ್ಕೆ ದೂಮಪ್ಪ ಕಟ್ಟಡದವರೆಲ್ಲರ ಎದುರು ಎದೆ ತಟ್ಟಿ, "ನನ್ನ ಬಚ್ಚಲಲ್ಲಿ ಗ್ಯಾಸ್ ಉರಿದ ದಿನ ನಾನು ಬೇರೆ ಹೆಸರಿಟ್ಟುಕೊಳ್ತೇನೆ" ಎಂದಿದ್ದ. ಆ ಮಾತು ಈಗ ಗಂಟಲಲ್ಲಿ ಮೀನಿನ ಮುಳ್ಳಾಗಿ ಕೂತಿತ್ತು.

ಅವನು ಮಹಡಿ ಹತ್ತಿ ಸಿಪ್ರಿಯನ್ನನನ್ನು ಎಬ್ಬಿಸಿದ. ರೂವಿ ಪೇಟೆಯ ಎಲೆಕ್ಟ್ರಿಕ್ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದ ಸಿಪ್ರಿಯನ್ನನೇ ಆ ಗೀಸರನ್ನು ಮಾರಿದವನು. ಅವನು ಕಣ್ಣುಜ್ಜಿಕೊಳ್ಳುತ್ತಲೇ ವಾದ ಶುರು ಮಾಡಿದ. ಗ್ಯಾಸಿನ ಬಿಸಿಯಲ್ಲಿ ಅರ್ಧ ಪಾತ್ರೆಗೆ, ಅರ್ಧ ಚಾವಣಿಗೆ. ಕರೆಂಟಿನದ್ದಾದರೆ ಪೂರಾ ನೀರಿಗೆ. ಗೀಸರ್ ಸಣ್ಣದಾದದ್ದಷ್ಟೇ ತಪ್ಪು ಎಂದು ಹೇಳಿ ನೀರು ಕಾಯಿಸುವ ಎರಡು ರಾಡುಗಳನ್ನು ಹಿಡಿದು ಇಳಿದ. ಬಚ್ಚಲಿನ ಗೋಡೆಯ ದೊಡ್ಡ ಸಾಕೆಟ್ಟಿನಿಂದ ಗೀಸರಿನ ಪ್ಲಗ್ಗು ಕಿತ್ತ, ಆ ಸಾಕೆಟ್ಟಿಗೆ ರಾಡುಗಳ ವಯರು ಜೋಡಿಸಿದ, ಎರಡು ಡ್ರಮ್ಮಿನಲ್ಲಿ ರಾಡುಗಳನ್ನು ಮುಳುಗಿಸಿದ.

ಅದು ಏಪ್ರಿಲ್ ತಿಂಗಳು. ಅಲ್ಲಿಯವರೆಗೆ ಹಿತವಾಗಿದ್ದ ಬಿಸಿಲು ಆ ದಿನವೇ ವರ್ಷದ ಮೊದಲ ಉರಿ ತೋರಿಸಿತ್ತು. ಕಟ್ಟಡದವರೆಲ್ಲ ಆ ವರ್ಷ ಮೊದಲ ಸಲ ಎ.ಸಿ. ಹಾಕಿದ್ದರು. ಎಲ್ಲರ ಎ.ಸಿ.ಯ ಜೊತೆ ದೂಮಪ್ಪನ ರಾಡುಗಳೂ ಸೇರಿದ್ದೇ ತಡ, ಕೆಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿ ಢಬ್ ಎಂದು ಸದ್ದಾಗಿ ಇಡೀ ಕಟ್ಟಡ ಸ್ತಬ್ಧವಾಯಿತು.

ಬನಿಯನ್, ಲುಂಗಿ ತೊಟ್ಟವರು ಬೆವರು ಒರೆಸುತ್ತ ಒಬ್ಬೊಬ್ಬರಾಗಿ ಹೊರಬಂದರು. ಯಾರ ಮನೆಯಲ್ಲಿ ಏನು ಹಾಕಿದ್ದು ಎಂಬ ತನಿಖೆ ದೂಮಪ್ಪನ ಬಾಗಿಲಲ್ಲಿ ಬಂದು ನಿಂತಿತು. ರಿಪೇರಿಯವನು ಸಂಜೆಗೆ ಮೊದಲು ಬರುವುದಿಲ್ಲವೆಂದೂ ಗೊತ್ತಾಯಿತು. ಬಾಣಂತಿ ಕಂಬಳಿ ಹೊದ್ದು ಬೆವರುತ್ತಿದ್ದಳು. ಮಗು ಅಳುತ್ತಿತ್ತು. ಅತ್ತೆ ಸೂಟ್‌ಕೇಸಿನ ಬೀಗದ ಕೈ ಹುಡುಕುತ್ತಿದ್ದರು.

"ಹಟ ಬಿಡಿ ದೂಮಪ್ಪಣ್ಣ, ಗ್ಯಾಸ್ ತರ್ತೇನೆ," ಎಂದ ಮಹಮೂದ್.

"ಬಚ್ಚಲೊಳಗೆ ಗ್ಯಾಸ್ ಕಾಲಿಡ್ಲಿಕ್ಕಿಲ್ಲ ಮಹಮೂದಾಕ. ನಾನು ಮಾತು ಕೊಟ್ಟವ."

"ಮೆಟ್ಟಿಲು ನಿಮ್ಮದಲ್ಲವಲ್ಲ," ಎಂದು ಮಹಮೂದ್ ಮೆಟ್ಟಿಲ ಮೇಲೆಯೇ ತನ್ನ ಅಡುಗೆಮನೆಯ ಸಿಲಿಂಡರನ್ನೂ ಒಲೆಯನ್ನೂ ಇಟ್ಟ. ಅವನ ಹೆಂಡತಿ ನಬೀಸಾ ಬಿರಿಯಾನಿ ಮಾಡುವ ದೊಡ್ಡ ಪಾತ್ರೆ ಕೊಟ್ಟಳು. ಇದು ಬಚ್ಚಲಲ್ಲವೆಂದು ದೂಮಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡು ಮುಖ ತಿರುಗಿಸಿ ನಿಂತ. ಗ್ಯಾಸಿನ ಶಕ್ತಿಯ ಬಗ್ಗೆ ಮಹಮೂದನ ಭಾಷಣ ರಂಗೇರುವಷ್ಟರಲ್ಲಿ, ನೀರು ಇನ್ನೂ ಉಗುರು ಬೆಚ್ಚಗಿರುವಾಗಲೇ, ಒಲೆ ಸಣ್ಣಗೆ ಕೆಮ್ಮಿ ಆರಿಹೋಯಿತು. ಗ್ಯಾಸ್ ಅಂಗಡಿಯ ಧಣಿಯ ಮನೆಯ ಸಿಲಿಂಡರೇ ಖಾಲಿ. ಗೋದಾಮಿನ ಬೀಗದ ಕೈಯಿದ್ದ ಅಂಗಡಿಯ ಆಳು ಅಬ್ದುಲ್ ಜುಮಾ ನಮಾಜಿಗೆಂದು ಮತ್ರಾಕ್ಕೆ ಹೋದವನು ಸಂಜೆಗೇ ಬರುವವನು. ಮಹಮೂದನೂ ತಲೆ ತಗ್ಗಿಸಿ ಮಸೀದಿಗೆ ನಡೆದ.

ದೂಮಪ್ಪ ಮೆಟ್ಟಿಲ ಮೇಲೆ ಕುಕ್ಕರಿಸಿದ. ಸೋತೆ ಎಂದು ಒಪ್ಪಲು ಮನಸ್ಸಿರಲಿಲ್ಲ, ಗೆಲ್ಲಲು ದಾರಿಯಿರಲಿಲ್ಲ. ಯಾರಾದರೂ ಬಂದು ಹೆಂಡತಿಯನ್ನು ಕರೆದೊಯ್ಯಲಿ ನೋಡೋಣ, ವಿಮಾನದ ಎದುರೇ ಅಡ್ಡ ಮಲಗುತ್ತೇನೆ ಎಂದುಕೊಂಡ.

ಆಗ ಒಳಗಿನಿಂದ ನೀರಿನ ಸದ್ದು ಕೇಳಿಸಿತು. ಧೊಪ್ ಧೊಪ್ ಎಂದು, ಬಹಳ ಹೊತ್ತು, ನಿಲ್ಲದೆ. ಕೊನೆಗೆ ಸುಂದರಿಯವರು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಮುಖವೆಲ್ಲ ಕೆಂಪಾಗಿ ಹೊರಬಂದರು.

"ನೀರು ಅಂದ್ರೆ ಇದು," ಎಂದರು. "ಊರಿನ ಹಂಡೆ ಸಹ ಹೀಗೆ ಕೊಡ್ಲಿಲ್ಲ. ಕೈ ಸುಟ್ಟುಹೋಯ್ತು. ಹೊಯ್ದಷ್ಟೂ ಬಂತು. ನಿಮ್ಮ ಪೆಟ್ಟಿಗೆಗೆ ಸುಮ್ಮನೆ ಬೈದೆ ಅಳಿಯಂದಿರೇ. ಅವಳು ಇಲ್ಲೇ ಇರಲಿ."

ಕರೆಂಟಿಲ್ಲದೆ ಹೇಗೆ ಎಂದು ದೂಮಪ್ಪನಿಗೆ ಒಂದು ಕ್ಷಣ ಅನಿಸಿದ್ದು ನಿಜ. ಆದರೆ ಸಿಪ್ರಿಯನ್ ಬಿಟ್ಟುಕೊಡಲಿಲ್ಲ. ಗೀಸರಿನ ಒಳಗೆ ಹತ್ತಿಯ ಹೊದಿಕೆ ಇದೆ, ಬೆಳಿಗ್ಗೆ ಕಾದದ್ದು ಮೂರು ದಿನ ಹಾಗೇ ಇರುತ್ತದೆ ಎಂದ. ಗೆಲ್ಲಲು ಕಾದವನಿಗೆ ಅಷ್ಟು ಸಾಕು. ನಮಾಜು ಮುಗಿಸಿ ಬಂದ ಮಹಮೂದನನ್ನು ತಡೆದು ನಿಲ್ಲಿಸಿ, ಸಿಲಿಂಡರ್ ಖಾಲಿಯಾಗುತ್ತದೆ, ಗೀಸರಿಗೆ ಖಾಲಿ ಎಂಬುದೇ ಇಲ್ಲ ಎಂದು ಕಟ್ಟಡಕ್ಕೆಲ್ಲ ಕೇಳುವಂತೆ ಸಾರಿದ. ಅವನ ಮಾತು ಮುಗಿಯುವುದನ್ನೇ ಅತ್ತೆ ಕಾಯುತ್ತಿದ್ದರು.

"ನಮ್ಮ ಸಣ್ಣವಳು ಸ್ವರ್ಣಲತಾ ಆಟಿ ತಿಂಗಳಲ್ಲಿ ಹೆರ್ತಾಳೆ. ಈ ಪೆಟ್ಟಿಗೆ ಊರಿಗೆ ಬೇಕು. ಹೊಸತು ಬೇಡ, ಇದೇ ಆಗ್ಬೇಕು."

"ಧಾರಾಳ ತಗೊಳ್ಳಿ ಅತ್ತೆ," ಎಂದುಬಿಟ್ಟ ದೂಮಪ್ಪ. ಗೆದ್ದ ಗಳಿಗೆಯಲ್ಲಿ ಬೇಡ ಎನ್ನುವ ನಾಲಿಗೆ ಎಲ್ಲಿರುತ್ತದೆ.

ಮಹಮೂದನ ಕಣ್ಣು ಮಿನುಗಿತು. ನಾಳೆಯೇ ತನ್ನ ಭಾವನ ಸಾಮಾನು ಬೊಂಬಾಯಿಗೆ ಕಾರ್ಗೊದಲ್ಲಿ ಹೋಗುತ್ತದೆ, ಈಗಲೇ ಬಿಚ್ಚಿದರೆ ಜೊತೆಗೆ ಕಳಿಸಬಹುದು ಎಂದ. ಸಿಪ್ರಿಯನ್ ಸ್ಪ್ಯಾನರ್ ತರಲು ಹೋದ.

ದೂಮಪ್ಪ ತನ್ನ ಗೀಸರನ್ನು ಕೊನೆಯ ಬಾರಿ ನೋಡಲು ಬಚ್ಚಲಿಗೆ ಹೋದ. ಅದರ ಪ್ಲಗ್ಗು ಗೋಡೆಯಲ್ಲಿ ತೂಗಾಡುತ್ತಿತ್ತು. ಕೆಂಪು ನಲ್ಲಿ ತಿರುಗಿಸಿದ, ತಣ್ಣೀರು. ನೀಲಿ ನಲ್ಲಿ ತಿರುಗಿಸಿದ, ಕೈ ಚುರ್ ಎಂದಿತು.

"ತಾರಸಿಯ ತಗಡಿನ ಟ್ಯಾಂಕು ಬಿಸಿಲಿಗೆ ಕಾದಿದೆ," ಎಂದು ಹಿಂದಿನಿಂದ ಉಮಾವತಿ ಪಿಸುಗುಟ್ಟಿದಳು. ತಲೆಗೆ ಬಟ್ಟೆ ಸುತ್ತಿ, ಮಗುವನ್ನು ಎತ್ತಿಕೊಂಡು ನಿಂತಿದ್ದಳು. "ಎಣ್ಣೆಯ ಕೈ ತೊಳೆಯುವಾಗ ಗೊತ್ತಾಯ್ತು. ಅಮ್ಮನನ್ನು ಕರೆದು, ಅವರು ಆಚೆ ತಿರುಗಿದಾಗ ನೀಲಿಯದ್ದು ಬಿಟ್ಟವಳು ನಾನೇ. ಅವರಿಗೆ ಹೇಳ್ಬೇಡಿ. ಬೆಳಗಾದ್ರೆ ಟ್ಯಾಂಕು ತಣ್ಣಗಿರ್ತದೆ, ಬಿಸಿಲಿನ ನೀರು ಅಂತ ಗೊತ್ತಾದ್ರೆ ಆದಿತ್ಯವಾರವೇ ಹೊರಡಿಸ್ತಾರೆ. ನನಗೆ ನಿಮ್ಮನ್ನು ಬಿಟ್ಟು ಹೋಗ್ಲಿಕ್ಕೆ ಮನಸ್ಸಿಲ್ಲ."

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳು ಹೀಗೆ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ದೂಮಪ್ಪನ ಕಣ್ಣು ಮಂಜಾಯಿತು. ಆ ಮಾತಿನ ಮುಂದೆ ಗೀಸರೇನು, ಇಡೀ ಬಚ್ಚಲನ್ನೇ ಕಾರ್ಗೊ ಮಾಡಲು ಅವನು ಸಿದ್ಧನಿದ್ದ.

ಸ್ಪ್ಯಾನರ್ ಹಿಡಿದು ಬಂದ ಸಿಪ್ರಿಯನ್ ತೂಗಾಡುವ ಪ್ಲಗ್ಗನ್ನು ನೋಡಿದ, ದೂಮಪ್ಪನನ್ನು ನೋಡಿದ, ತಾನು ಹೇಳಿದ ಹತ್ತಿಯ ಹೊದಿಕೆಯ ನೆನಪಾಗಿ ಬೇಗ ಬೇಗ ನಟ್ಟು ತಿರುಗಿಸತೊಡಗಿದ.

ಸಂಜೆ ಕರೆಂಟು ಬಂತು. ಅಬ್ದುಲ್ ತುಂಬಿದ ಸಿಲಿಂಡರ್ ತಂದ. ನಾಳೆ ಬೆಳಿಗ್ಗೆಯ ಬಾಣಂತಿ ನೀರಿಗೆ ಏನು ಮಾಡುವುದೆಂದು ಅತ್ತೆ ಕೇಳಿದಾಗ, ತಾನು ಇನ್ನೊಂದು ಗೀಸರ್ ತರುವುದಾಗಿ ದೂಮಪ್ಪ ಹೇಳಿನೋಡಿದ. ಅಂಥದ್ದು ಇನ್ನೊಂದು ಸಿಗುವುದಿಲ್ಲ, ಆ ಕೈಗುಣವೇ ಬೇರೆ ಎಂದು ಅವರು ಅವನ ಬಾಯಿ ಮುಚ್ಚಿಸಿ, ಮಹಮೂದನನ್ನು ತಾವೇ ಬಚ್ಚಲೊಳಗೆ ಕರೆದರು.

ಗೀಸರ್ ಇದ್ದ ಗೋಡೆಯಲ್ಲಿ ನಾಲ್ಕು ತೂತು ಉಳಿದಿದ್ದವು. ಅವುಗಳ ಕೆಳಗೆ, ಪರೀಕ್ಷೆಗೆಂದು ಹಚ್ಚಿದ ಗ್ಯಾಸಿನ ಒಲೆ ಭರ್ರೆಂದು ಉರಿಯಿತು. ಮಹಮೂದ್ ಬೆಂಕಿಕಡ್ಡಿ ಆರಿಸಿ, ಬಾಗಿಲಲ್ಲಿ ನಿಂತಿದ್ದ ದೂಮಪ್ಪನ ಕಡೆ ಬಹಳ ಗಂಭೀರವಾಗಿ ತಿರುಗಿದ.

"ಮಗುವಿಗೆ ಹೆಸರಿಟ್ಟಾಯ್ತು," ಎಂದ. "ಇನ್ನು ನಿಮಗೆ ಎಂತ ಹೆಸರಿಡುವ, ಮಾರಾಯ್ರೇ?"